ಹೆಚ್ಚಿಗೆ ಕೊಟ್ಟವರು ಯಾರು?

(ತಾಲೂಕು ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾವು ಕವಿತೆ ಓದುವುದಿಲ್ಲ. ಒಂದು ಕಾಗದ ಓದುತ್ತೇವೆ. ಸರ್ಕಾರಿ ಕಾಗದ. ಅದರ ಕನ್ನಡವನ್ನು ಸ್ವಲ್ಪ ಕಿವಿಗೊಟ್ಟು ಕೇಳಿ: ‘ಸದರಿ ಫಲಾನುಭವಿಗೆ ಹೆಚ್ಚುವರಿಯಾಗಿ ಪಾವತಿಯಾಗಿರುವ ಮೊತ್ತವನ್ನು ಈ ನೋಟೀಸು ತಲುಪಿದ ಹದಿನೈದು ದಿನಗಳೊಳಗಾಗಿ ಸರ್ಕಾರಕ್ಕೆ ಮರುಪಾವತಿಸತಕ್ಕದ್ದು. ತಪ್ಪಿದಲ್ಲಿ ಭೂ ಕಂದಾಯದ ಬಾಕಿಯಂತೆ ವಸೂಲು ಮಾಡಲಾಗುವುದು.’

ಫಲಾನುಭವಿ ಅಂತೆ. ಫಲ ಯಾರು ತಿಂದರೋ ಗೊತ್ತಿಲ್ಲ, ಅನುಭವ ಮಾತ್ರ ನಮ್ಮದು. ಹೆಚ್ಚುವರಿ ಅಂತೆ. ನಮ್ಮ ಕೇರಿಗೆ ಹುಟ್ಟಿದಾಗಿನಿಂದ ಏನಾದರೂ ಹೆಚ್ಚಿಗೆ ಬಂದದ್ದುಂಟಾ? ಬಿಸಿಲು ಬಂದಿದೆ. ಮಳೆ ಬಂದರೆ ಸೂರಿನ ಒಳಕ್ಕೂ ಬಂದಿದೆ. ಇನ್ನು ಮೂರನೆಯದು, ಭೂ ಕಂದಾಯದ ಬಾಕಿ. ಅಂಗೈಯಗಲ ಭೂಮಿ ಇಲ್ಲದವರಿಗೆ ಭೂಮಿಯ ಬಾಕಿ! ತಲೆತಲಾಂತರದಿಂದ ಭೂಮಿ ಕೇಳಿಕೊಂಡು ಬಂದವರು ನಾವು. ಸರ್ಕಾರ ಭೂಮಿಯನ್ನಂತೂ ಕೊಡಲಿಲ್ಲ, ಅದರ ಬಾಕಿಯನ್ನು ಕೊಟ್ಟಿದೆ.

ಈ ಕಾಗದ ಬಂದದ್ದು ನಮ್ಮ ಕೇರಿಯ ಒಬ್ಬ ಅವ್ವನಿಗೆ. ಹೆಸರು ಬೇಡ. ಯಾವ ಕಚೇರಿ ಅಂತಲೂ ಬೇಡ, ಯಾಕೆಂದರೆ ಆ ಕಚೇರಿ ಎಲ್ಲ ತಾಲೂಕಿನಲ್ಲೂ ಇದೆ. ಗಂಡ ಸತ್ತ ಮೇಲೆ ಅವ್ವನಿಗೆ ವಿಧವಾ ವೇತನ ಬರುತ್ತಿತ್ತು, ತಿಂಗಳಿಗೆ 800. ಆಮೇಲೆ ಊರಿನಲ್ಲಿ ಪಿಂಚಣಿ ಅದಾಲತ್ ನಡೆಯಿತು. ಬಂದವರೇ ಅರ್ಜಿ ತಂದಿದ್ದರು, ಅವರೇ ಬರೆದುಕೊಂಡರು. ‘ಅಜ್ಜಿ, ಅರವತ್ತೈದು ಆಗೈತಲ್ಲ, ಸಂಧ್ಯಾ ಸುರಕ್ಷಾ ಮಾಡ್ಕೊಡ್ತೀವಿ, ಇಲ್ಲಿ ಒತ್ತು’ ಅಂದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಮುಂದಿನ ತಿಂಗಳಿಂದ 1,200 ಬರೋದಕ್ಕೆ ಶುರುವಾಯಿತು. ಹಳೆಯ 800 ಮಾತ್ರ ನಿಲ್ಲಲಿಲ್ಲ. ಎರಡೂ ಒಂದೇ ಖಾತೆಗೆ, ಒಂದೇ ಆಧಾರ್ ನಂಬರಿಗೆ. ಸರ್ಕಾರ ದುಡ್ಡು ಜಾಸ್ತಿ ಮಾಡಿತು ಅಂದುಕೊಂಡಳು ಅವ್ವ. ಎಲೆಕ್ಷನ್ನಿನ ಹೊತ್ತು, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಇಪ್ಪತ್ತೆರಡು ತಿಂಗಳು ಕಳೆದ ಮೇಲೆ ಕಂಪ್ಯೂಟರಿಗೆ ಎಚ್ಚರ ಆಯಿತು. 17,600 ರೂಪಾಯಿ ವಾಪಸು ಕೊಡು ಅಂತ ಕಾಗದ ಬಂತು. ಹೈಸ್ಕೂಲಿನ ಹುಡುಗ ಓದಿ ಹೇಳಿದ. ಅದನ್ನು ಕೇಳಿ ಅವ್ವ ಅಂದ ಮಾತು ಇಷ್ಟು: ‘ಏನ್ ಮಗ, ನಂದಿನ್ನೂ ಜೀತ ತೀರಿಲ್ವಾ?’

ಈ ಮಾತನ್ನು ನಾವು ಅಲಂಕಾರಕ್ಕೆ ಇಲ್ಲಿ ತರುತ್ತಿಲ್ಲ. ಆಕೆ ಚಿಕ್ಕಂದಿನಲ್ಲಿ ಒಂದು ದೊಡ್ಡ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವಳು. ಅಪ್ಪ ಮದುವೆಗೆ ತಂದ ಸಾಲಕ್ಕೆ ಮಗಳ ದುಡಿಮೆ. ಎಷ್ಟು ಸಾಲ, ಎಷ್ಟು ತೀರಿತು ಎನ್ನುವ ಲೆಕ್ಕ ಗೌಡನ ಪುಸ್ತಕದಲ್ಲಿತ್ತು. ಆ ಪುಸ್ತಕವನ್ನು ಓದುವ ಕಣ್ಣು ನಮ್ಮ ಕಡೆ ಇರಲಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು. ಜೀತದ ಸಾಲವೆಲ್ಲ ಅಳಿಸಿಹೋಯಿತು, ಇನ್ನು ಯಾರೂ ತೀರಿಸಬೇಕಾಗಿಲ್ಲ ಅಂತ ಆ ಕಾಯಿದೆ ಹೇಳಿತು. ಅದೇ ವರ್ಷ ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯಿದೆ ತಂದು ಬಡವರ ಖಾಸಗಿ ಸಾಲಗಳನ್ನು ತೊಡೆಯಿತು. ಅಂದರೆ ಸಾಲ ಎನ್ನುವುದು ಹಣದ ವಿಷಯ ಮಾತ್ರ ಅಲ್ಲ, ಯಾರ ಕೈಯಲ್ಲಿ ಪುಸ್ತಕ ಇದೆ ಎನ್ನುವ ವಿಷಯ ಅಂತ ಅವತ್ತಿನ ಸರ್ಕಾರಕ್ಕೆ ಗೊತ್ತಿತ್ತು. ಇವತ್ತು ಪುಸ್ತಕ ಸರ್ಕಾರದ ಕೈಯಲ್ಲೇ ಇದೆ. ಅದಕ್ಕೆ ಈಗ ಪುಟಗಳೂ ಇಲ್ಲ, ಬರೀ ಪರದೆ.

ನೋಟೀಸು ಬಂದ ಮೇಲೆ ಏನಾಯಿತು ಗೊತ್ತೇ? ಅವ್ವ ಮೂರು ತಿಂಗಳು ಬ್ಯಾಂಕಿನ ಕಡೆ ತಲೆ ಹಾಕಲಿಲ್ಲ. ಹೋದರೆ ಹಿಡಿದುಕೊಳ್ಳುತ್ತಾರೆ ಅಂತ. ತನ್ನ ಹಕ್ಕಿನ 1,200 ಕೂಡ ಬಿಡಿಸಿಕೊಳ್ಳಲಿಲ್ಲ. ಬಿ.ಪಿ. ಮಾತ್ರೆ ನಿಂತಿತು. ಮೇಕೆಮರಿ ಮಾರಾಟಕ್ಕೆ ಬಂತು, ಅಷ್ಟರಲ್ಲಿ ನಾವು ತಡೆದೆವು. ವಸೂಲಿಗೆ ಇನ್ನೂ ಯಾರೂ ಬಂದಿರಲಿಲ್ಲ, ಕಾಗದ ಒಂದೇ ಇಷ್ಟೆಲ್ಲ ಮಾಡಿತು. ಕಚೇರಿಯವರಿಗೆ ಅದೊಂದು ಅಂಚೆಚೀಟಿಯ ಖರ್ಚು.

ನಾವು ನಾಲ್ಕು ಜನ ಹೋಗಿ ಕಡತ ಕೇಳಿದೆವು. ‘ಕಡತ ನಿಮಗ್ಯಾಕೆ, ದುಡ್ಡು ಕಟ್ಟಿ’ ಅಂದರು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಅವ್ವನ ಅರ್ಜಿಯ ನಕಲು ಕೈಗೆ ಬಂತು. ‘ಬೇರೆ ಯಾವುದಾದರೂ ಪಿಂಚಣಿ ಪಡೆಯುತ್ತಿದ್ದೀರಾ’ ಎನ್ನುವ ಜಾಗದಲ್ಲಿ ‘ಇಲ್ಲ’ ಅಂತ ಬರೆದಿದೆ. ಕೈಬರಹ ಅದಾಲತ್ತಿಗೆ ಬಂದವರದು, ಕೆಳಗಿನ ಹೆಬ್ಬೆಟ್ಟು ಅವ್ವನದು. ಪಕ್ಕದಲ್ಲೇ ‘ಸ್ಥಳ ಪರಿಶೀಲನೆ ಮಾಡಲಾಗಿದೆ, ಅರ್ಹರು’ ಅಂತ ಷರಾ, ಸಹಿ, ಸೀಲು. ಯಾರನ್ನು ಕೇಳಿ ಪರಿಶೀಲಿಸಿದರು? ಆ ವೇತನವನ್ನು ಮಂಜೂರು ಮಾಡಿದ್ದೂ ಅದೇ ಕಚೇರಿ, ಈ ವೇತನವನ್ನು ಮಂಜೂರು ಮಾಡಿದ್ದೂ ಅದೇ ಕಚೇರಿ. ತನ್ನ ಎಡಗೈ ಕೊಟ್ಟದ್ದು ತನ್ನ ಬಲಗೈಗೆ ಗೊತ್ತಿಲ್ಲ ಅಂತ ಕಚೇರಿ ಹೇಳುತ್ತದೆ. ಎರಡು ಕೈಯದ್ದನ್ನೂ ತಿಳಿದುಕೊಂಡಿರಬೇಕಾದವಳು ಓದು ಬಾರದ ಅವ್ವ.

ಉತ್ತರ ಬರೆದುಕೊಟ್ಟು ಸ್ವೀಕೃತಿ ತಗೊಂಡೆವು. ಹಳೆಯ 800 ನಿಂತಿದೆ, ನಿಲ್ಲಬೇಕಾದದ್ದೇ. ವಸೂಲಾತಿ ಅಲ್ಲಿಗೇ ನಿಂತಿದೆ, ಆದರೆ ರದ್ದಾಗಿಲ್ಲ. ಅವ್ವ ಈಗ ಬ್ಯಾಂಕಿಗೆ ಹೋಗುತ್ತಾಳೆ.

ಇದು ನಮ್ಮ ಊರಿನ ಕಥೆ ಅಷ್ಟೇ ಅಂತ ತಿಳಿಯಬೇಡಿ. 2024ರಲ್ಲಿ ತೆಲಂಗಾಣದಲ್ಲಿ ಒಬ್ಬ ಮುದುಕಿಗೆ 1.72 ಲಕ್ಷ ರೂಪಾಯಿ ವಾಪಸು ಕಟ್ಟು ಅಂತ ನೋಟೀಸು ಹೋದದ್ದು ಪತ್ರಿಕೆಗಳಲ್ಲಿ ಬಂತು. ತೀರಿಕೊಂಡ ಮಗಳ ಕುಟುಂಬ ಪಿಂಚಣಿ ಬರುತ್ತಿತ್ತು, ಅದರ ಜೊತೆಗೆ ವೃದ್ಧಾಪ್ಯ ಪಿಂಚಣಿಯೂ ಬಂದಿತ್ತು, ಅಷ್ಟೇ ಅಪರಾಧ. ಪಿಎಂ ಕಿಸಾನ್ ಯೋಜನೆಯದು ಇನ್ನೂ ದೊಡ್ಡ ಲೆಕ್ಕ. 42 ಲಕ್ಷ ಅನರ್ಹರಿಗೆ ಸುಮಾರು 3,000 ಕೋಟಿ ಹೋಗಿದೆ ಅಂತ 2021ರ ಜುಲೈನಲ್ಲಿ ಕೇಂದ್ರ ಕೃಷಿ ಮಂತ್ರಿಗಳು ಸಂಸತ್ತಿಗೆ ಹೇಳಿದರು. ಅದು 2019ರಲ್ಲಿ ಶುರುವಾದ ಯೋಜನೆ, ವರ್ಷಕ್ಕೆ 6,000 ರೂಪಾಯಿ. ಎರಡೇ ವರ್ಷಕ್ಕೆ 42 ಲಕ್ಷ ತಪ್ಪು! ಅದರಲ್ಲಿ ಆದಾಯ ತೆರಿಗೆ ಕಟ್ಟುವವರು ಬೇಕಾದಷ್ಟು ಜನ ಇದ್ದರು. ಅಂಥವರ ಪರ ನಾವು ಮಾತಾಡುವುದಿಲ್ಲ. ಭೂಮಿ ಇಲ್ಲದ ಕೂಲಿಗೆ ಆ ಯೋಜನೆಯಲ್ಲಿ ಒಂದು ಕಾಸೂ ಇಲ್ಲ, ಅದು ಬೇರೆ ಜಗಳ. ಆದರೆ ಒಂದು ಮಾತು ನೆನಪಿಡಿ. ಸರ್ಕಾರಿ ನೌಕರರಿಗೆ ಆ ಹಣ ಇಲ್ಲ ಎನ್ನುವ ನಿಯಮದಲ್ಲೇ ಡಿ ಗುಂಪಿನವರಿಗೆ ವಿನಾಯಿತಿ ಇದೆ. ಎರಡೆಕರೆ ಇರುವ ಜವಾನನಿಗೆ ‘ನೀನು ಸರ್ಕಾರಿ ನೌಕರ, ವಾಪಸು ಕಟ್ಟು’ ಅಂತ ಯಾರಾದರೂ ಅಂದರೆ, ಆ ನಿಯಮವನ್ನು ಅವರ ಮುಂದೆ ಇಟ್ಟು ಓದಿಸಬೇಕು.

ಮೋಸದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ, ಬಚ್ಚಿಡಬೇಕಾಗಿಲ್ಲ. 2024ರ ಕೊನೆಯಲ್ಲಿ ಕೇರಳದಲ್ಲಿ 1,458 ಸರ್ಕಾರಿ ನೌಕರರು ಬಡವರ ಪಿಂಚಣಿ ತಿನ್ನುತ್ತಿದ್ದದ್ದು ಹೊರಬಿತ್ತು. ಬಡ್ಡಿ ಸಮೇತ ವಸೂಲು ಮಾಡಿ ಅಂತ ಅಲ್ಲಿನ ಸರ್ಕಾರ ಹೇಳಿತು. ಸರಿಯಾಗಿಯೇ ಹೇಳಿತು. ನಮ್ಮ ಊರುಗಳಲ್ಲೂ ಎರಡಂತಸ್ತಿನ ಮನೆಯವರ ಕೈಯಲ್ಲಿ ಬಿಪಿಎಲ್ ಕಾರ್ಡು ಇದೆ, ನಮ್ಮ ಜನರಲ್ಲೇ ದಲ್ಲಾಳಿಗಳಿದ್ದಾರೆ. ಮೊದಲ ತಿಂಗಳ ಪಿಂಚಣಿ ನಂಗೆ ಅಂತ ಕಿತ್ತುಕೊಳ್ಳುವ ಹುಡುಗರು ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು. ನೋಟೀಸು ಮಾತ್ರ ದಲ್ಲಾಳಿಗೆ ಬರುವುದಿಲ್ಲ. ಷರಾ ಬರೆದ ಸಾಹೇಬನಿಗೂ ಬರುವುದಿಲ್ಲ. ತಪ್ಪು ಮೂರು ಮೆಟ್ಟಿಲು ಇಳಿದು ಬಂದು ಹೆಬ್ಬೆಟ್ಟಿನ ಹತ್ತಿರ ನಿಲ್ಲುತ್ತದೆ. ಮೇಲಿನವರ ಕೊಳೆ ಕೆಳಗಿನವರ ಕೈಗೆ ಬರುವುದು ಈ ದೇಶಕ್ಕೆ ಹೊಸದೇನಲ್ಲ.

ಈಗ ಕೋರ್ಟಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು.

ಪಂಜಾಬಿನಲ್ಲಿ ರಫೀಕ್ ಮಸೀಹ್ ಅಂತ ಒಬ್ಬರು. ಸುಪ್ರೀಂ ಕೋರ್ಟಿನ ತೀರ್ಪಿನ ತಲೆಬರಹದಲ್ಲೇ ಅವರ ಹೆಸರಿನ ಪಕ್ಕಕ್ಕೆ ‘ವೈಟ್ ವಾಷರ್’ ಅಂತ ಇದೆ. ಸುಣ್ಣ ಬಳಿಯುವವರು. ಅವರಿಗೂ ಅವರಂಥ ಅನೇಕ ನೌಕರರಿಗೂ ಸರ್ಕಾರವೇ ತಪ್ಪು ಲೆಕ್ಕ ಹಾಕಿ ಸಂಬಳ ಹೆಚ್ಚಿಗೆ ಕೊಟ್ಟಿತ್ತು. ಆಮೇಲೆ ವಾಪಸು ಕೇಳಿತು. 2014ರ ಡಿಸೆಂಬರ್ 18ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಖೇಹರ್. ಅದರ ಸಾರ ಹೀಗೆ: ಸಿ ಮತ್ತು ಡಿ ಗುಂಪಿನ ನೌಕರರಿಂದ ಇಂಥ ಹಣ ಕೀಳುವಂತಿಲ್ಲ. ನಿವೃತ್ತರಾದವರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ಕೀಳುವಂತಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಕೊಡುತ್ತಲೇ ಬಂದು ಆಮೇಲೆ ಎಚ್ಚೆತ್ತು ಕೇಳುವಂತಿಲ್ಲ. ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದರೆ ಅದನ್ನೂ ಕೇಳುವಂತಿಲ್ಲ. ಇವುಗಳ ಹೊರತಾಗಿಯೂ, ವಸೂಲಿ ಮಾಡುವುದು ತೀರಾ ಕ್ರೂರ, ಅನ್ಯಾಯ ಅಂತ ಕಂಡರೆ ಕೋರ್ಟು ತಡೆಯಬಹುದು. ಕೇಂದ್ರ ಸರ್ಕಾರದ ಸಿಬ್ಬಂದಿ ಇಲಾಖೆ 2016ರ ಮಾರ್ಚ್ 2ರಂದು ಇದನ್ನು ಪಾಲಿಸಿ ಅಂತ ತನ್ನ ಎಲ್ಲ ಇಲಾಖೆಗಳಿಗೆ ಬರೆಯಿತು.

ಸುಪ್ರೀಂ ಕೋರ್ಟಿನ ಗೋಡೆಗೆ ಒಬ್ಬ ಸುಣ್ಣ ಬಳಿಯುವವರ ಹೆಸರು ಅಂಟಿಕೊಂಡಿದೆ. ಇವತ್ತು ದೇಶದ ಯಾವ ಮೂಲೆಯಲ್ಲಿ ಗುಮಾಸ್ತನ ಸಂಬಳಕ್ಕೆ ಕೈ ಹಾಕಿದರೂ ವಕೀಲರು ಎದ್ದು ನಿಂತು ಆ ಹೆಸರನ್ನೇ ಹೇಳುತ್ತಾರೆ.

ಖಾಯಂ ಆದ ಪೌರಕಾರ್ಮಿಕರು, ಜವಾನರು, ಆಸ್ಪತ್ರೆಯ ಆಯಾಗಳು ಇಲ್ಲಿ ಕೂತಿದ್ದೀರಿ. ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಗುತ್ತಿಗೆಯವರಿಗೆ ಇದರಿಂದ ಏನು ಅಂತ ಕೇಳುತ್ತೀರಿ. ಗುತ್ತಿಗೆಯವರಿಗೆ ಹೆಚ್ಚಿಗೆ ಕೊಟ್ಟ ಗುತ್ತಿಗೆದಾರ ಇನ್ನೂ ಹುಟ್ಟಬೇಕಾಗಿದೆ.

ಆದರೆ ಇದರಲ್ಲಿ ಮುಳ್ಳುಗಳಿವೆ, ಅವನ್ನು ಹೇಳದೆ ಕಳಿಸಿದರೆ ನಾವೂ ದಲ್ಲಾಳಿಗಳೇ. 2016ರಲ್ಲಿ ಜಗದೇವ್ ಸಿಂಗ್ ಎಂಬ ನ್ಯಾಯಾಧೀಶರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಹೇಳಿತು: ಹೆಚ್ಚಿಗೆ ಬಂದರೆ ಹಿಂದಿರುಗಿಸುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಕಟ್ಟಲೇಬೇಕು. ಕಂತಿನಲ್ಲಿ ಕಟ್ಟಲು ಎರಡು ವರ್ಷ ಕೊಟ್ಟಿತು, ಅಷ್ಟೇ. ಅದಕ್ಕೇ ಹೇಳುವುದು, ಸಂಬಳ ಪರಿಷ್ಕರಣೆಯಾದಾಗ ‘ಒಂದು ಸಣ್ಣ ಸಹಿ’ ಅಂತ ನೀಡುವ ಕಾಗದವನ್ನು ಓದದೆ ಮುಟ್ಟಬೇಡಿ. ಅದಕ್ಕೂ ಮೊದಲು, 2012ರಲ್ಲಿ, ಉತ್ತರಾಖಂಡದ ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ, ಇದು ತೆರಿಗೆ ಕಟ್ಟುವವರ ಹಣ, ಕೊಟ್ಟ ಅಧಿಕಾರಿಯದೂ ಅಲ್ಲ, ಪಡೆದವರದೂ ಅಲ್ಲ, ತೀರಾ ಕಷ್ಟದ ಪ್ರಸಂಗ ಬಿಟ್ಟರೆ ವಸೂಲಾಗಬೇಕು ಎಂಬ ಮಾತು ಬಂತು. ಮಾತು ಸುಳ್ಳಲ್ಲ. ಆದರೆ ತೆರಿಗೆ ಕಟ್ಟುವವರು ಯಾರು ಸ್ವಾಮಿ? ಬೆಂಕಿಪೊಟ್ಟಣ ಕೊಳ್ಳುವ ಅವ್ವ ತೆರಿಗೆ ಕಟ್ಟುತ್ತಿಲ್ಲವೇ? ಸಾಬೂನು, ಚಪ್ಪಲಿ, ಮಗನ ಪೆನ್ನು, ಯಾವುದರಲ್ಲಿ ತೆರಿಗೆ ಇಲ್ಲ? 2022ರ ಥಾಮಸ್ ಡೇನಿಯಲ್ ಪ್ರಕರಣದಲ್ಲಿ, ಕೇರಳದ ನಿವೃತ್ತ ಮೇಷ್ಟರೊಬ್ಬರದು, ಕೋರ್ಟು ಮತ್ತೆ ವಸೂಲಿಯನ್ನು ತಡೆಯಿತು. ಆದರೆ ಇದು ನೌಕರರ ಹಕ್ಕು ಅಂತಲ್ಲ, ಕಷ್ಟ ನೋಡಿ ಕೊಡುವ ಪರಿಹಾರ ಅಂದಿತು. ಹಕ್ಕಲ್ಲ, ಕರುಣೆ. ಬಾಬಾಸಾಹೇಬರ ಮಕ್ಕಳಿಗೆ ಕರುಣೆ ಎನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇರಲಿ.

ಇವೆಲ್ಲ ಸಂಬಳದ ತೀರ್ಪುಗಳು. ವಿಧವಾ ವೇತನಕ್ಕೆ, ವೃದ್ಧಾಪ್ಯ ವೇತನಕ್ಕೆ ಇವು ಇದ್ದ ಹಾಗೇ ಅನ್ವಯಿಸುತ್ತವೆ ಅಂತ ನಾವು ಹೇಳುವುದಿಲ್ಲ. ಆದರೆ ಇವುಗಳೊಳಗಿನ ನ್ಯಾಯವನ್ನು ನಮ್ಮ ಉತ್ತರದಲ್ಲಿ ಬರೆಯಬಹುದು. ತಪ್ಪು ನಮ್ಮದಲ್ಲ. ಸುಳ್ಳು ಹೇಳಿ ಪಡೆದದ್ದಲ್ಲ. ಬಂದದ್ದು ಅಕ್ಕಿ, ಔಷಧಿಗೆ ಖರ್ಚಾಗಿದೆ. ಸಂಬಳ ಇರುವ ಗುಮಾಸ್ತನಿಂದ ಕೀಳುವುದು ಕ್ರೌರ್ಯ ಅಂತಾದರೆ ಸಂಬಳವೇ ಇಲ್ಲದ ವಿಧವೆಯಿಂದ ಕೀಳುವುದಕ್ಕೆ ಏನನ್ನಬೇಕು?

ಇನ್ನೊಂದು ತೀರ್ಪು ಎಲ್ಲರಿಗೂ ಅನ್ವಯಿಸುವಂಥದ್ದು, ಹಳೆಯದು, 1967ರದು. ಒಡಿಶಾ ಸರ್ಕಾರ ಬೀಣಾಪಾಣಿ ದೇಯಿ ಎಂಬ ಡಾಕ್ಟರಮ್ಮನ ಹುಟ್ಟಿದ ತಾರೀಖನ್ನು ತಾನೇ ತಿದ್ದಿ, ನಿಮಗೆ ವಯಸ್ಸಾಯಿತು ಹೋಗಿ ಅಂದಿತ್ತು. ಒಬ್ಬರ ಬದುಕಿಗೆ ಪೆಟ್ಟು ಕೊಡುವ ಆದೇಶ ಮಾಡುವ ಮೊದಲು ಅವರ ಕೈಗೆ ಸಾಕ್ಷ್ಯ ಕೊಟ್ಟು ಅವರ ಮಾತು ಕೇಳಬೇಕು, ಆಡಳಿತದ ಆದೇಶವಾದರೂ ಸರಿ, ಅಂತ ಸುಪ್ರೀಂ ಕೋರ್ಟು ಆ ಆದೇಶವನ್ನು ಹೊಡೆದುಹಾಕಿತು. ‘ನಿಂಗೆ ಅರವತ್ತೈದು ಆಗಿಲ್ಲ, ತಿಂದದ್ದು ಕಕ್ಕು’ ಅಂತ ನೋಟೀಸು ಬಂದವರು ಈ ಡಾಕ್ಟರಮ್ಮನನ್ನು ನೆನೆಯಬೇಕು. ನಮ್ಮ ಅಜ್ಜಿಯರ ಹುಟ್ಟಿದ ತಾರೀಖು ಯಾವ ಪುಸ್ತಕದಲ್ಲಿದೆ? ಪ್ಲೇಗು ಬಂದ ವರ್ಷ, ಕೆರೆ ಒಡೆದ ವರ್ಷ, ಅಷ್ಟೇ. ಜನವರಿ ಒಂದು ಅಂತ ಆಧಾರಿನಲ್ಲಿ ಬರೆದವರೂ ಅವರೇ.

ಹೊರದೇಶದ ಎರಡು ಮಾತು. ಬಿಳಿಯರ ದೇಶಗಳಲ್ಲಿ ಎಲ್ಲ ಸರಿ ಇದೆ ಅನ್ನುವವರಿಗಾಗಿ.

ಆಸ್ಟ್ರೇಲಿಯಾದಲ್ಲಿ 2015ರಲ್ಲಿ ಒಂದು ಯೋಜನೆ ಶುರುವಾಯಿತು. ಜನ ಅದನ್ನು ರೋಬೋಡೆಟ್ ಅಂದರು, ಯಂತ್ರದ ಸಾಲ. ಅಲ್ಲಿ ಕೆಲಸ ಇಲ್ಲದವರಿಗೆ ಹದಿನೈದು ದಿನಕ್ಕೊಮ್ಮೆ ಭತ್ಯೆ. ಯಂತ್ರ ಏನು ಮಾಡಿತು? ತೆರಿಗೆ ಇಲಾಖೆಯಿಂದ ಒಬ್ಬನ ವರ್ಷದ ಸಂಪಾದನೆ ತಗೊಂಡು ಅದನ್ನು ಹದಿನೈದು ದಿನಗಳ ಕಂತುಗಳಿಗೆ ಸಮನಾಗಿ ಹಂಚಿತು. ‘ನೀನು ವರ್ಷವಿಡೀ ದುಡಿದಿದ್ದೀಯ, ಭತ್ಯೆ ಹೆಚ್ಚಿಗೆ ತಿಂದಿದ್ದೀಯ, ಕಟ್ಟು’ ಅಂತ ಲಕ್ಷಾಂತರ ಜನಕ್ಕೆ ಕಾಗದ ಕಳಿಸಿತು. ಕೂಲಿಯವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸುಗ್ಗಿಯ ಎರಡು ತಿಂಗಳು ಕೈತುಂಬ ಕೆಲಸ, ಬೇಸಿಗೆಯಲ್ಲಿ ಖಾಲಿ ಹೊಟ್ಟೆ. ಸುಗ್ಗಿಯ ಕೂಲಿಯನ್ನು ಹನ್ನೆರಡು ತಿಂಗಳಿಗೂ ಹರಡಿ ‘ನೀನು ಏಪ್ರಿಲ್‌ನಲ್ಲೂ ಉಂಡಿದ್ದೀಯ’ ಅಂದರೆ ಹೊಟ್ಟೆ ಒಪ್ಪುತ್ತದೆಯೇ? ಸಾಲ ಇಲ್ಲ ಅಂತ ರುಜುವಾತು ಮಾಡಬೇಕಾದದ್ದೂ ಬಡವರೇ, ವರ್ಷಗಳ ಹಿಂದಿನ ಸಂಬಳದ ಚೀಟಿ ತಂದು. 2019ರಲ್ಲಿ ಒಬ್ಬ ಹೆಣ್ಣುಮಗಳು ಕೋರ್ಟಿಗೆ ಹೋದಳು, ಅಂಥ ಲೆಕ್ಕಕ್ಕೆ ಕಾನೂನಿನ ಆಧಾರ ಇಲ್ಲ ಅಂತ ಸರ್ಕಾರವೇ ಒಪ್ಪಬೇಕಾಯಿತು. 2020ರಲ್ಲಿ 4.7 ಲಕ್ಷ ಸಾಲಗಳ 72.1 ಕೋಟಿ ಡಾಲರನ್ನು ಹಿಂದಿರುಗಿಸುತ್ತೇವೆ ಅಂದಿತು. ಕ್ಯಾಥರೀನ್ ಹೋಮ್ಸ್ ಅವರ ಆಯೋಗ 2023ರ ಜುಲೈನಲ್ಲಿ ವರದಿ ಕೊಟ್ಟಿತು, ಆ ಯೋಜನೆ ನ್ಯಾಯವೂ ಅಲ್ಲ, ಕಾನೂನುಬದ್ಧವೂ ಅಲ್ಲ ಅಂತ. ಆ ಕಾಗದಗಳ ದಿನಗಳಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಆಯೋಗದ ಮುಂದೆ ಬಂದು ಸಾಕ್ಷಿ ಹೇಳಿ ಹೋದರು.

ನೆದರ್‌ಲ್ಯಾಂಡ್ಸ್‌ನದು ನಮಗೆ ಇನ್ನೂ ಹತ್ತಿರದ್ದು. ಮಕ್ಕಳ ಪಾಲನೆಗೆ ಕೊಡುವ ಭತ್ಯೆಯಲ್ಲಿ ಒಂದು ಸಹಿ ಬಿಟ್ಟುಹೋದರೂ ಇಡೀ ವರ್ಷದ ಹಣ ವಾಪಸು ಅಂತ ಸಾವಿರಾರು ತಂದೆತಾಯಿಗಳನ್ನು ಸಾಲದಲ್ಲಿ ಮುಳುಗಿಸಿದರು. ಮನೆ ಹೋಯಿತು, ಸಂಸಾರ ಒಡೆಯಿತು. ಯಾರನ್ನು ಅನುಮಾನಿಸಬೇಕು ಅಂತ ಆರಿಸುವಾಗ ತೆರಿಗೆ ಇಲಾಖೆ ಅವರ ರಾಷ್ಟ್ರೀಯತೆಯನ್ನೂ ನೋಡುತ್ತಿತ್ತು. ಮೂಲ ಹೊರದೇಶದ್ದಾದರೆ ಕಳ್ಳ ಇರಬಹುದು ಎಂಬ ಲೆಕ್ಕ. ಹುಟ್ಟಿನಿಂದಲೇ ಅನುಮಾನ. ನಮಗೆ ಇದನ್ನು ವಿವರಿಸಿ ಹೇಳಬೇಕೇ? 2021ರ ಜನವರಿ 15ರಂದು ಈ ಹಗರಣಕ್ಕಾಗಿ ಅಲ್ಲಿನ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಇಲ್ಲಿ ಒಬ್ಬ ಗುಮಾಸ್ತನ ವರ್ಗಾವಣೆಯೂ ಆಗುವುದಿಲ್ಲ.

ಇಲ್ಲಿ ಯಾರ ಸಾಲ ಏನಾಗುತ್ತದೆ ಅಂತಲೂ ಕೇಳಿ. 2014-15ರಿಂದ 2023-24ರ ವರೆಗಿನ ಹತ್ತು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 16.35 ಲಕ್ಷ ಕೋಟಿ ರೂಪಾಯಿ ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆದುಹಾಕಿದವು ಅಂತ 2025ರಲ್ಲಿ ಸಂಸತ್ತಿಗೆ ಸರ್ಕಾರ ಹೇಳಿತು. ಅದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎನ್ನುತ್ತಾರೆ. ಸರಿ, ಒಪ್ಪೋಣ. ಹಾಗಾದರೆ ಒಬ್ಬ ವಿಧವೆಯ 17,600ನ್ನು ತೆಗೆಯುವುದಕ್ಕೆ ಆ ಪುಸ್ತಕದಲ್ಲಿ ಒಂದು ಗೆರೆ ಜಾಗ ಇಲ್ಲವೇ?

ಈಗ ಮಾಡಬೇಕಾದ ಕೆಲಸ. ನೋಟೀಸು ಬಂದರೆ ಮೊದಲು ಹೆದರಿ ದುಡ್ಡು ಕಟ್ಟಬೇಡಿ, ಹೆದರಿ ಸುಮ್ಮನೆಯೂ ಇರಬೇಡಿ. ಸುಮ್ಮನಿದ್ದರೆ ‘ಉತ್ತರ ಕೊಟ್ಟಿಲ್ಲ’ ಅಂತ ಅದನ್ನೇ ಒಪ್ಪಿಗೆ ಮಾಡಿಕೊಳ್ಳುತ್ತಾರೆ. ಕೊಟ್ಟ ಗಡುವಿನೊಳಗೆ ಬಿಳಿ ಹಾಳೆಯಲ್ಲಿ ಉತ್ತರ ಬರೆಸಿ. ಯಾವ ಯೋಜನೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಹೆಚ್ಚಾದದ್ದು ಎಷ್ಟು, ಯಾವ ಕಾನೂನಿನ ಯಾವ ಕಲಮಿನಲ್ಲಿ ವಸೂಲಿ, ಇಷ್ಟನ್ನು ಕೇಳಿ. ಭೂ ಕಂದಾಯದ ಬಾಕಿಯಂತೆ ಅಂದರೆ ಹಾಗೆ ವಸೂಲು ಮಾಡಲು ಅಧಿಕಾರ ಕೊಟ್ಟ ಕಾನೂನನ್ನು ತೋರಿಸಲಿ. ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಅಂತ ಕೊನೆಯಲ್ಲಿ ಬರೆಯಿರಿ. ಟಪಾಲಿನಲ್ಲಿ ಕೊಟ್ಟು ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್. ಬಾಯಿಮಾತಿನ ಉತ್ತರ ಬೇಡ, ಹಿಂಬರಹ ಬೇಕು.

ಮಾಹಿತಿ ಹಕ್ಕಿನಲ್ಲಿ ನಿಮ್ಮ ಮೊದಲ ಅರ್ಜಿ, ಸ್ಥಳ ಪರಿಶೀಲನೆಯ ವರದಿ, ಮಂಜೂರಾತಿ ಆದೇಶ ಕೇಳಿ. ಮೂವತ್ತು ದಿನದೊಳಗೆ ಕೊಡಬೇಕು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕ ಇಲ್ಲ, ಕಾರ್ಡಿನ ನಕಲು ಲಗತ್ತಿಸಿದರೆ ಸಾಕು. ಯಾರ ಕೈಬರಹ ಅಂತ ಅಲ್ಲಿ ಗೊತ್ತಾಗುತ್ತದೆ.

ವಕೀಲರಿಗೆ ದುಡ್ಡೆಲ್ಲಿ ಅಂತ ಎಲ್ಲರೂ ಕೇಳುವುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ವಕೀಲರ ಹಕ್ಕಿದೆ. ಹೆಣ್ಣುಮಕ್ಕಳಿಗೆ ಯಾವ ಜಾತಿಯಾದರೂ ಇದೆ. ಅಂಗವಿಕಲರಿಗೂ ಇದೆ. ಇವರಿಗೆ ಆದಾಯದ ಮಿತಿ ಇಲ್ಲ. ತಾಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ, ಅಥವಾ 15100ಕ್ಕೆ ಫೋನು ಮಾಡಿ. ಇದು ಕರುಣೆ ಅಲ್ಲ, ಹಕ್ಕು. ಕಾಯಿದೆಯಲ್ಲೇ ಹಾಗೆ ಬರೆದಿದೆ.

ನಿಜವಾಗಿಯೂ ಹೆಚ್ಚಿಗೆ ಬಂದಿದ್ದು, ಕೊಡಲೇಬೇಕಾದ ಪ್ರಸಂಗ ಬಂದರೆ? ಆಗಲೂ ಒಂದೇ ಸಲಕ್ಕೆ ಅಲ್ಲ. ತಿಂಗಳ ವೇತನ ಪೂರ್ತಿ ನಿಲ್ಲಿಸಬೇಡಿ, ಸಣ್ಣ ಕಂತು ಮಾಡಿ ಅಂತ ಬರೆದು ಕೇಳಿ. ಕಂತಿನ ಅರ್ಜಿಯಲ್ಲಿ ‘ತಪ್ಪೊಪ್ಪಿಕೊಳ್ಳುತ್ತೇನೆ’ ಎನ್ನುವ ಸಾಲನ್ನು ಅವರು ಸೇರಿಸಿದ್ದರೆ ಹೊಡೆದುಹಾಕಿ. ಕಟ್ಟಿದ ಪ್ರತಿ ಕಾಸಿಗೂ ರಸೀದಿ. ಮನೆ ಬಾಗಿಲಿಗೆ ಬಂದು ಕೈಯಲ್ಲಿ ದುಡ್ಡು ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಫೋನಿನಲ್ಲಿ ನಂಬರು ಕೇಳುವವರಿಗಂತೂ ಬೇಡವೇ ಬೇಡ.

ಬರೆಯಲು ಬಾರದವರ ಉತ್ತರವನ್ನು ಸಮಿತಿಯ ಹುಡುಗರು ಬರೆದುಕೊಡುತ್ತಾರೆ. ಬರುವಾಗ ಪಾಸ್ ಬುಕ್ಕು, ರೇಷನ್ ಕಾರ್ಡು, ಮಂಜೂರಾತಿ ಆದೇಶ ಇದ್ದರೆ ಅದು, ಮತ್ತೆ ನೋಟೀಸು. ನೋಟೀಸಿನ ಜೊತೆ ಬಂದ ಲಕೋಟೆಯನ್ನು ಒಲೆಗೆ ಹಾಕಬೇಡಿ, ಅದನ್ನೂ ತನ್ನಿ. ಹದಿನೈದು ದಿನದ ಲೆಕ್ಕ ಅದರ ಮೇಲಿನ ಅಂಚೆ ಮುದ್ರೆಯಿಂದ ಗೊತ್ತಾಗುತ್ತದೆ.